ಹಸಿ ಥರ್ಮಾಮೀಟರಿಗೆ ಕಟ್ಟಿದ ಹೊಸ ಅರಿವಿ

ಸ್ವಲ್ಪ ತಡಕೋರಿ. ಮೊದಲ ಮೊದಲ ಬರೀ ಸೊನ್ನಿ, ಬಿಸಲು, ಕೆರಿ ನೀರು ಇಷ್ಟ ಬರತೈತಿ, ಬ್ಯಾಸರ ಮಾಡ್ಕೊಂಡ ಎದ್ದ ಹೋಗಬ್ಯಾಡ್ರಿ. ಮುಂದ ಹಳದಿ ತುದಿ ಇರೋ ಒಂದ ಅರಿವಿ ಚೂರು ಬರತೈತಿ, ಅದು ಬರೋತನಕರ ಕುಂದರ್ರಿ. ನಾ ಈಗ ಚಿಕ್ಕೋಡ್ಯಾಗ ಟೈಪಿಂಗ್ ಕ್ಲಾಸಿಗೆ ಹೊಂಟೀನಿ. ಮಾಸ್ತರ್ರು "ನಿಂದ ಏನರ ಹೊಡಿ, ಕೈ ಕುಂದರತೈತಿ" ಅಂದಾರ. ಹಂಗಾಗಿ ಬಾಯಾಗ ಬಂದಂಗ ಹೊಡ್ಯಾಕತ್ತೀನಿ. ಒತ್ತಕ್ಷರ ತಪ್ಪಿದ್ರ ನೀವ ಸರಿ ಮಾಡ್ಕೊಂಡ ಓದ್ರಿ.

ಹೋದ ವರ್ಷದ ಮಾತಿದು. ಚಿಕ್ಕೋಡಿ ರಾಯಬಾಗ ನಡಕಿನ ಒಂದ ಕೆರಿ ಮ್ಯಾಲೆ ನಾ ದಿನಗೂಲಿ ಕೆಲಸಕ್ಕಿದ್ದೆ. ನಮ್ಮೂರು ಸದಲಗಾ. ಊರಿಗೆ ಹೋಗಬೇಕಂದ್ರ ಎರಡ ಬಸ್ಸು, ಹೋಗಿ ಬರೂದ್ರಾಗ ಒಂದ ಅಳತಿ ತಪ್ಪತಿತ್ತು, ಅದಕ್ಕ ಹೋಗತಿದ್ದಿದ್ದಿಲ್ಲ. ಕೆರಿ ಕಟ್ಟಿ ಮ್ಯಾಲೆ ಒಂದ ತಗಡಿನ ಪತ್ರಾಸ ಖೋಲಿ. ಅದರ ಮುಂದ ತಂತಿ ಬೇಲಿ ಹಾಕಿದ ಹತ್ತ ಹೆಜ್ಜಿ ಜಾಗಾ. ಆ ಬೇಲಿಯೊಳಗ ನನ್ನ ಸಂಸಾರ. ಒಂದ ಮಳಿ ಅಳಿಯೋ ಡಬ್ಬಿ, ಒಂದ ಗಾಳಿ ತೋರ್ಸೋ ಬಾಣ, ನಾಕ ಕಾಲಿನ ಮ್ಯಾಲೆ ನಿಂತ ಪಟ್ಟಿಪಟ್ಟಿ ಬಿಳಿ ಪೆಟಗಿ, ಅದರಾಗ ಎರಡ ಥರ್ಮಾಮೀಟರ್, ಮತ್ತ ಮಗ್ಗಲಕ ಒಂದ ಅಗಲಾದ ತಗಡಿನ ಪರಾತ.

ಪರಾತದ ಕತಿ ಹೇಳಬೇಕು, ಮುಂದ ಬೇಕಾಗತೈತಿ. ಅದರ ತುಂಬ ನೀರು, ನಡುವ ಮ್ಯಾಲಕ್ಕ ಮೂತಿ ಮಾಡಿದ ಒಂದ ಮುಳ್ಳು. ದಿನಾ ಮುಂಜಾನೆ ಎಂಟೂವರಿಗೆ ನೋಡಿದ್ರ ನೀರು ಮುಳ್ಳಿಗಿಂತ ಕೆಳಗ ಇಳದಿರತೈತಿ. ಅಳತಿ ಲೋಟದಿಂದ ನೀರ ಹಾಕ್ಕೋತ ಬರಬೇಕು, ಮುಳ್ಳಿನ ಮೂತಿಗೆ ಮುಟ್ಟೋತನಕ. ಎಷ್ಟ ಹಾಕಿದಿ, ಅಷ್ಟ ನೀರ ನಿನ್ನಿ ಮುಂಜಾನಿಯಿಂದ ಬಿಸಲು ಕುಡದೈತಿ ಅಂತ ಲೆಕ್ಕ.

ಇನ್ನ ಎರಡ ಥರ್ಮಾಮೀಟರ್. ಒಂದು ಒಣಾ, ಇನ್ನೊಂದು ಹಸಿ. ಹಸಿದು ಅಂದ್ರ ಅದರ ಬುಡಕ್ಕ ತೆಳ್ಳನ ಅರಿವಿ ಸುತ್ತಿ, ಅದರ ಬಾಲಾ ಒಂದ ಬಾಟ್ಲಿ ನೀರಾಗ ಬಿಟ್ಟಿರತೈತಿ. ದೀಪದ ಬತ್ತಿ ಎಣ್ಣಿ ಎಳದಂಗ ಅರಿವಿ ನೀರ ಎಳೀತೈತಿ. ಹವಾ ಒಣಗಿದ್ರ ಆ ನೀರು ಲಗೂ ಆರಿ ಬುಡಾ ತಂಪಾಗತೈತಿ, ಎರಡಕ್ಕೂ ಭಾಳ ಫರಕ ಬೀಳತೈತಿ. ಹವಾದಾಗ ಪಸಿ ಇದ್ರ ಫರಕ ಕಮ್ಮಿ. ಫರಕ ಕಮ್ಮಿ ಆಗ್ಕೋತ ಬಂತಂದ್ರ ಮಳಿ ಹತ್ರ ಐತಿ ಅಂತ ತಿಳೀಬೇಕು. ಇದನ್ನ ನಂಗ ಯಾರೂ ಕಲಿಸಿಲ್ಲ. ನೀರಾವರಿ ಆಫೀಸಿನ ಸೆಕ್ಷನ್ ಸಾಹೇಬ್ರು ಮೊದಲನೇ ದಿನ ಬಂದು "ಇಲ್ಲಿ ನೋಡು, ಇಲ್ಲಿ ಬರಿ" ಅಂದು ಜೀಪ ಹತ್ತಿ ಹ್ವಾದ್ರು. ಉಳಿದದ್ದು ಹತ್ತನೇ ಕ್ಲಾಸಿನ ಭೂಗೋಳ ಪುಸ್ತಕದಿಂದ, ರೇಡಿಯೋದಿಂದ, ಮತ್ತ ದಿನಾ ಕುಂತ ನೋಡಿ ನೋಡಿ ಕಲತದ್ದು.

ಒಬ್ಬನ ಇರೂದು ಹೆಂಗಿತ್ತಂದ್ರ, ಅಳತಿ ನೋಡಿ ಜೋರಾಗಿ ಓದತಿದ್ದೆ. "ಒಣಾ ಮೂವತ್ತನಾಲ್ಕು. ಹಸಿ ಇಪ್ಪತ್ತು. ಮಳಿ ಸೊನ್ನಿ." ಓದೂದು ಯಾಕಂದ್ರ ಬಾಯಿ ಬರತೈತೋ ಇಲ್ಲೋ ನೋಡಾಕ. ಕುರಿ ಹೊಡ್ಕೊಂಡ ಬರೋ ಒಬ್ಬ ಅಜ್ಜ ವಾರಕ್ಕೊಮ್ಮೆ ಕಟ್ಟಿ ಮ್ಯಾಲೆ ಹಾಯ್ದ ಹೋಗತಿದ್ದ. ಒಂದಿನ ಬೇಲಿಗೆ ಕೋಲ ಊರಿ ನಿಂತು ಕೇಳಿದ.

"ಏನ ಬರೀತೀಪಾ ದಿನಾ?"

"ಮಳಿ, ಅಜ್ಜಾರ."

"ಎಷ್ಟ ಆಗೈತಿ?"

"ಸೊನ್ನಿ."

"ನಿನ್ನಿ?"

"ನಿನ್ನೀನೂ ಸೊನ್ನಿ. ದೀಪಾವಳಿಯಿಂದ ಸೊನ್ನೀನ ಐತ್ರಿ."

ಅಜ್ಜ ಕುರಿ ಕಡೆ ನೋಡಿ, "ನಂಗ ಹೇಳಿದ್ರ ನಾನೂ ಬರೀತಿದ್ನಲ್ಲೋ. ಸೊನ್ನಿ ಒಂದ ಬರತೈತಿ ನಂಗ" ಅಂತಂದು ಹ್ವಾದ.

ಶಿವರಾತ್ರಿಗೆ ಇನ್ನ ಮೂರ ವಾರ ಇದ್ದಾಗ್ಲೇ ಕೆರಿ ಹವಾ ಹುಚ್ಚ ಹಿಡಿದಂಗ ಮಾಡತಿತ್ತು. ಮುಂಜಾನೆ ನೀರಿನ ಮ್ಯಾಲೆ ಹೊಗಿ ಎದ್ದಂಗ ಮಂಜು, ಕಂಬಳಿ ಬಿಡಾಕ ಮನಸಾಗತಿದ್ದಿಲ್ಲ. ಮಧ್ಯಾನಕ್ಕ ಪತ್ರಾಸ ಕೆಳಗ ಕುಂತ್ರ ತಲಿ ಕಾದ ಹಂಚು. ಕೆರಿ ಒಣಗಿದ ಅಂಗಳದಾಗ ಸುಳಿಗಾಳಿ ಎದ್ದು ಕಸಾ ಕಡ್ಡಿ ಮ್ಯಾಲ ಒಯ್ದು ನೀರಿನ ನಡಕ ಒಗದ ಬಿಡತಿತ್ತು. ಹೊತ್ತ ಇಳದ ಮ್ಯಾಲೆ ನೀರಿನ ಕಡಿಂದ ಒಮ್ಮೆಲೆ ತಣ್ಣನ ಗಾಳಿ. ಒಂದ ದಿನದಾಗ ಮೂರೂ ಕಾಲ ಬಂದ ಹೋಗತಿದ್ವು. ಬಾಣ ಮೂಡಣಕ್ಕ ತಿರುಗಿದ್ದು ಅರ್ಧಾ ತಾಸಿನ್ಯಾಗ ಪಡುವಣಕ್ಕ. ನಂಗ ಇದು ಭಾಳ ಖುಷಿ. ಆದ್ರ ಖುಷಿ ಹೇಳ್ಕೊಳ್ಳಾಕ ಮಂದಿ ಬೇಕಲ್ರಿ.

ಆ ಹೊತ್ತಿಗೆ ಬಂದಾಕಿ ಮಾವಶಿ. ನಮ್ಮವ್ವನ ತಂಗಿ, ಸ್ವಂತ ಮಾವಶಿ ಅಲ್ಲ, ಎಲ್ಲಾರೂ ಹಂಗ ಕರೀತಿದ್ರು, ನಾನೂ ಕರದೆ. ಕೆರಿ ದಂಡಿಗೆ ಒಂದ ದೊಡ್ಡ ಹಾಸಗಲ್ಲು ಐತಿ, ಎರಡ ಕಣದಷ್ಟ ಅಗಲ. ನೀರು ಇಳದ ಮ್ಯಾಲೆ ಬಯಲಾಗತೈತಿ. ಅಲ್ಲಿ ಕುದಿಸಿದ ಅರಿಷಿಣ ಹರವಿ ಒಣಗಿಸ್ತಾರ. ಮಾವಶಿ ಹದಿನೈದ ವರ್ಷ ಮಂದಿ ಅರಿಷಿಣ ಅಲ್ಲಿ ಒಣಗಿಸಿದಾಕಿ. ಆ ವರ್ಷ ಮೊದಲನೇ ಸಲ ತನ್ನ ಸ್ವಂತದ್ದು. ದಿಗ್ಗೇವಾಡಿಯೊಳಗಿನ ಆಕಿ ಅಣ್ಣ ಅರ್ಧಾ ಎಕರೆ "ಒಂದ ವರ್ಷ ಮಾಡಿ ನೋಡು, ಚಲೋ ಬಂದ್ರ ಮುಂದನೂ ಮಾಡು, ಇಲ್ಲಂದ್ರ ನಾ ಕಬ್ಬ ಹಚ್ಚತೀನಿ" ಅಂತ ಬಿಟ್ಟ ಕೊಟ್ಟಿದ್ನಂತ. ಆಕಿ ಊರಿಂದ ದಿನಾ ಅಲ್ಲಿಗೆ ನಡ್ಯಾಕ ದೂರ ಅಂತ ಚಕ್ಕಡ್ಯಾಗ ಹಾಕ್ಕೊಂಡ ಈ ಹಾಸಗಲ್ಲಿಗೇ ತಂದಿದ್ಲು. ಅರ್ಧಾ ಅಗದು ಕುದಿಸಿದ್ದು, ಇನ್ನ ಅರ್ಧಾ ನೆಲದಾಗ ಇತ್ತು.

ಆಕಿ ದಿನಾ ಬುಟ್ಟ್ಯಾಗ ಭಕ್ರಿ ತರತಿದ್ಲು, ಒಂದ ನಂಗ ಅಂತ ಹೆಚ್ಚಿಂದು. ಅರಿಷಿಣ ಬಗ್ಗಿ ಆಕಿ ಹೇಳೋದು, ಹವಾ ಬಗ್ಗಿ ನಾ ಹೇಳೋದು. ಒಣಗಿದ್ದ ಅರಿಷಿಣ ಹೆಂಗ ತಿಳೀತೈತಿ ಅಂದ್ರ ಕೊಂಬ ಮುರದ ನೋಡಬೇಕಂತ. ಹಸಿ ಇದ್ರ ಸುಮ್ನ ಬಗ್ಗತೈತಿ, ಅರೆಬರೆ ಇದ್ರ ಚಟ್ ಅಂತೈತಿ, ಪೂರಾ ಒಣಗಿದ್ರ ಟಣ್ ಅಂತೈತಿ. "ನಿನ್ನ ಗಾಜಿನ ಕೊಳವಿ ಏನಂತೈತಿ ಇವತ್ತ?" ಅಂತ ದಿನಾ ಕೇಳತಿದ್ಲು. ನಾ ಫರಕ ಹೇಳತಿದ್ದೆ. ಹದಿನಾಲ್ಕು, ಹದಿನೈದು. "ಒಣಾ ಹವಾ ಮಾವಶಿ, ಛಲೋ ಐತಿ." ಕೇಳಾಕ ಒಬ್ರು ಸಿಕ್ಕಿದ್ರಲ್ಲ ಅಂತ ನಾ ಅಳತಿ ಆದ ಕೂಡ್ಲೇ ಓಡಿ ಹೋಗಿ ಹೇಳತಿದ್ದೆ.

ಈಗ ಅರಿವಿ ಮಾತು. ಹಸಿ ಥರ್ಮಾಮೀಟರಿನ ಅರಿವಿ ಹಳೇದಾಗಿ ಕರ್ರಗ ಆಗಿತ್ತು. ಆಫೀಸಿಂದ ಬರೂದ್ರಾಗ ತಿಂಗಳಾಗತೈತಿ. ಮಾವಶಿಗೆ "ತೆಳ್ಳನ ಬಿಳೀ ಅರಿವಿ ಗೇಣಷ್ಟ ಇದ್ರ ಕೊಡು" ಅಂದೆ. ಆಕಿ ಸಂತ್ಯಾಗ ಹೊಸ ಮಲಮಲ್ ಹರಿಸ್ಕೊಂಡ ಬಂದ್ಲು. ಕೊಡೂ ಮುಂದ ತನ್ನ ಹಾಸಿನ ಅರಿಷಿಣದ ಒಂದ ಕೊಂಬ ಕಲ್ಲಿಗೆ ತೇದು, ಅರಿವಿ ತುದಿಗೆ ಒಂದ ಬೊಟ್ಟ ಇಟ್ಲು. ನಮ್ಮ ಕಡೆ ಹೊಸ ಅರಿವಿ ಹಂಗ ಉಡಂಗಿಲ್ಲ, ಅರಿಷಿಣ ಹಚ್ಚೇ ಉಡೋದು. ನಿಮ್ಮಲ್ಲೂ ಹಂಗ ಇರತೈತಿ.

"ಇದ ನಂದ ಅರಿಷಿಣ" ಅಂದ್ಲು. "ನಿನ್ನ ಕೊಳವಿಗೂ ಛಲೋ ಆಗ್ಲಿ."

ಪುಸ್ತಕದಾಗ ಏನಂತ ಇತ್ತಂದ್ರ, ಹೊಸ ಅರಿವಿ ಮೊದಲ ಬಿಸಿನೀರಾಗ ತೊಳದು ಗಂಜಿ ಹೋಗಸಿ ಆಮ್ಯಾಲೆ ಕಟ್ಟಬೇಕು. ನಾ ಅದನ್ನ ಓದಿದ್ದೆ. ಓದಿದ್ದು ನೆನಪೂ ಇತ್ತು. ಆದ್ರ ಆಕಿ ಎದುರಿಗೆ ನಿಂತಾಳ, ಈಗಿಷ್ಟ ಅರಿಷಿಣ ಹಚ್ಯಾಳ, ಅದನ್ನ ಒಯ್ದು ಹೆಂಗ ತೊಳೀಲಿ? ಅವತ್ತ ತೊಳೀಲಿಲ್ಲ, ನಾಳೆ ತೊಳದ್ರಾತು ಅಂತ ನೀರಾಗ ಅದ್ದಿ ಹಂಗ ಕಟ್ಟಿದೆ. ಆ ನಾಳೆ ಬರಲೇ ಇಲ್ಲ.

ಎರಡ ದಿನದಾಗ ಫರಕ ಇಳ್ಯಾಕ ಹತ್ತಿತು. ಹದಿನಾಲ್ಕು ಇದ್ದದ್ದು ಹನ್ನೊಂದು. ಮರುದಿನ ಎಂಟು. ಆಮ್ಯಾಲೆ ಆರು. ನನ್ನ ಎದಿ ಬಡ್ಕೊಳ್ಳಾಕ ಹತ್ತಿತು ನೋಡ್ರಿ, ಹೆದರಿಕಿಗಲ್ಲ, ಖುಷಿಗೆ. ಇಷ್ಟ ದಿನ ಸೊನ್ನಿ ಬರದ ಬರದ ಈಗ ಏನೋ ಬರಾಕತ್ತೈತಿ, ಅದನ್ನ ಎಲ್ಲಾರ್ಗಿಂತ ಮೊದಲ ನಾ ನೋಡೀನಿ. ಅವತ್ತ ಸಂಜಿಕಡೆ ಪಡುವಣಕ್ಕ ಮಾಡಾನೂ ಕಟ್ಟಿತು, ದೂರ ಎಲ್ಲೋ ಮಿಂಚಿತು. ನಾ ಹಾಸಗಲ್ಲಿಗೆ ಓಡಿದೆ.

"ಮಾವಶಿ, ಮಳಿ ಬರತೈತಿ. ಎಲ್ಲಾ ಕೂಡ್ಸಿ ಮುಚ್ಚು."

ಮಾವಶಿ ಮ್ಯಾಲೆ ನೋಡಿದ್ಲು. "ಮಾಡಾ ಹಂಗೇನ ದಪ್ಪ ಇಲ್ಲಲ್ಲೋ ತಮ್ಮಾ."

"ಮಾಡಾ ನೋಡಿ ಹೇಳಾಕತ್ತಿಲ್ಲ, ಅಳದ ಹೇಳಾಕತ್ತೀನಿ."

ಈ ಮಾತು ಈಗ ಟೈಪ್ ಮಾಡಾಕೂ ನಾಚಿಕಿ ಆಗತೈತಿ.

ಬಾಜೂಕ ತನ್ನ ಅರಿಷಿಣ ಹರವಿದ್ದ ಒಬ್ಬ ಕಾಕಾನೂ ನಂಬಿದ. ಎಲ್ಲಾರೂ ಕೂಡಿ ಗುಂಪಿ ಮಾಡಿ ತಾಡಪತ್ರಿ ಹೊಚ್ಚಿ ಸುತ್ತಲೂ ಕಲ್ಲ ಇಟ್ವಿ. ಮಳಿ ಬರಲಿಲ್ಲ. ಮರುದಿನ ಬಿಸಲು ಚಂದಾಗಿ ಬಿತ್ತು. ನಾ ಪೆಟಗಿ ತಗದ ನೋಡಿದೆ, ಫರಕ ಐದು. "ಇವತ್ತ ಬಿಚ್ಚಬ್ಯಾಡ ಮಾವಶಿ, ಇನ್ನೂ ಐತಿ" ಅಂದೆ. ಕಾಕಾ ಮಧ್ಯಾನ ತನ್ನದು ತಾ ಬಿಚ್ಚಿ ಹರವಿದ. "ನನ್ನ ಕಣ್ಣ ನಂಗ ಸಾಕಪಾ" ಅಂದ. ಮಾವಶಿ ಬಿಚ್ಚಲಿಲ್ಲ. ಮೂರನೇ ದಿನಾನೂ ಬಿಸಲು, ಫರಕ ನಾಲ್ಕೂವರಿ. ಮೂರನೇ ದಿನಾನೂ ನಾ ಬ್ಯಾಡ ಅಂದೆ, ಮೂರನೇ ದಿನಾನೂ ಆಕಿ ನನ್ನ ಮಾತ ಕೇಳಿದ್ಲು.

ನಾಲ್ಕನೇ ದಿನ ಮುಂಜಾನೆ ಆಕೀನ ತಾಡಪತ್ರಿ ಎತ್ತಿದ್ಲು. ಒಳಗಿಂದ ಬಿಸಿ ಹಬಿ ಬಂತು, ಅದರ ಹಿಂದ ಹುಳಿ ವಾಸನಿ. ಕುದಿಸಿದ ಅರಿಷಿಣ ಅರೆಬರೆ ಒಣಗಿದಾಗ ಗಾಳಿ ಇಲ್ಲದ ಮುಚ್ಚಿದ್ರ ಬೆವರತೈತಿ. ಮ್ಯಾಲಿನದೆಲ್ಲಾ ಬೆಳ್ಳಗ ಬೂಸರ ಹಿಡದಿತ್ತು. ಮಾವಶಿ ಗುಂಪ್ಯಾಗ ಮೊಣಕೈತನ ಕೈ ಹಾಕಿ ಒಳಗಿಂದ ಒಂದ ಕೊಂಬ ತಗದು ಮುರದ್ಲು. ಸಪ್ಪಳ ಬರಲಿಲ್ಲ.

ಆಕಿ ನಂಗ ಬೈದಿದ್ರ ಛಲೋ ಇತ್ತು. ಛಲೋ ಇದ್ದದ್ದು ಆರಿಸಿ ಬ್ಯಾರೆ ಇಟ್ಲು, ಅದು ಭಾಳ ಇರಲಿಲ್ಲ. ಕಾಕಾ ದೂರಿಂದ, "ಏನ್ರೀ ಹವಾಮಾನ ಸಾಹೇಬ್ರ, ಮಳಿ ಎಲ್ಲಿ ಬಿತ್ರಿ, ತಾಡಪತ್ರಿ ಒಳಗ ಬಿತ್ತೇನ್ರಿ?" ಅಂದ. ಅವತ್ತಿಂದ ನನ್ನ ಹೆಸರು ಅದ ಆತು.

ಉಳಿದರ್ಧ ಅಗ್ಯಾಕ ಆಕಿ ದಿಗ್ಗೇವಾಡಿಗೆ ಹ್ವಾದ್ಲು. ಹಾಸು ಖಾಲಿ ಆತು, ಕಾಕಾ ಒಬ್ಬ ಉಳದ, ಆಂವನೂ ನನ್ನ ಕೂಡ ಮಾತಾಡತಿದ್ದಿಲ್ಲ. ಭಕ್ರಿ ಇಲ್ಲ, ಕೊಳವಿ ಏನಂತೈತಿ ಅಂತ ಕೇಳೋರಿಲ್ಲ. ನಾ ಜೋರಾಗಿ ಓದೋದು ಬಿಟ್ಟೆ. ಸುಮ್ನ ನೋಡೋದು, ಸುಮ್ನ ಬರ್ಯೋದು. ಪರಾತದಾಗ ಕಾಗಿ ಬಂದು ನೀರ ಕುಡದ್ರ ಹೊಡೀತಿದ್ದಿದ್ದಿಲ್ಲ, ಕುಂದರ್ಲಿ ಅಂತ ಬಿಡತಿದ್ದೆ. ಆಮ್ಯಾಲೆ ಅದು ಕುಡದದ್ದು ಲೆಕ್ಕ ತಪ್ಪಸತೈತಿ ಅಂತ ನೆನಪಾಗಿ ಎದ್ದ ಹೋಗಿ ಜಾಳಗಿ ಮುಚ್ಚತಿದ್ದೆ. ಕೆಲಸ ಬಿಟ್ಟ ಊರಿಗೆ ಹೋಗೂಣು ಅಂತ ಎರಡ ಸಲ ಚೀಲ ತುಂಬಿದೆ. ಎಂಟೂವರಿ ಅಳತಿ ಮುಗಿಸಿ ಹೋಗೂಣು ಅನ್ನೋದು, ಅದು ಮುಗದ ಮ್ಯಾಲೆ ಮಧ್ಯಾನ ಎರಡೂವರಿದೂ ಆಗ್ಲಿ ಅನ್ನೋದು. ಹಂಗ ದಿನಾ ಹೋದ್ವು.

ಒಂದಿನ ಮಾಡಾಕ ಕೆಲಸ ಇಲ್ದ ರಜಿಸ್ಟರ್ ಹಿಂದಿನ ಪುಟಾ ತಿರುವಿಕೋತ ಕುಂತೆ. ನನ್ನ ತಪ್ಪಾದ ಆ ದಿನಗೋಳು. ಫರಕದ ಸಾಲು ನೋಡಿದೆ: ಹನ್ನೊಂದು, ಎಂಟು, ಆರು, ಐದು. ಅದರ ಬಾಜೂಕ ಪರಾತದ ಸಾಲು: ಎಂಟು, ಎಂಟೂವರಿ, ಒಂಬತ್ತು, ಒಂಬತ್ತು. ಮಿಲಿಮೀಟರ್. ನೋಡಿ ಕಣ್ಣ ನಿಂತವು. ಹವಾದಾಗ ಅಷ್ಟ ಪಸಿ ಇದ್ದಿದ್ರ ಪರಾತದ ನೀರು ಆರೂದು ಕಮ್ಮಿ ಆಗಬೇಕಲ್ಲ? ಅದು ದಿನಾ ಇದ್ದಂಗ ಆರೈತಿ. ಎರಡೂ ನನ್ನ ಕೈಲೆ ಬರದದ್ದು, ಒಂದ ಪುಟದಾಗ ಮಗ್ಗಲ ಮಗ್ಗಲ ಕುಂತಾವು, ಒಂದು ಹಸಿ ಅಂತೈತಿ ಇನ್ನೊಂದು ಒಣಾ ಅಂತೈತಿ. ಎರಡರಾಗ ಒಂದು ಸುಳ್ಳು. ಪರಾತದ್ದು ತಗಡು, ನೀರು, ಮುಳ್ಳು, ಅದರಾಗ ಕೆಡೂದು ಏನೈತಿ? ಎದ್ದ ಹೋಗಿ ಬಿಳಿ ಪೆಟಗಿ ತಗದು ಹಸಿ ಥರ್ಮಾಮೀಟರಿನ ಬುಡಾ ಮುಟ್ಟಿದೆ.

ಅರಿವಿ ಹಪ್ಪಳ ಇದ್ದಂಗಿತ್ತು. ಒಣಾ ಖಡಕ. ಕೆಳಗ ಬಾಟ್ಲ್ಯಾಗ ನೀರು ತುಂಬಿತ್ತು, ಬಾಲಾ ನೀರಾಗ ಇತ್ತು, ಮ್ಯಾಲಕ್ಕ ಒಂದ ಹನಿ ಹತ್ತಿರಲಿಲ್ಲ. ಗಂಜಿ ಹೋಗದ ಅರಿವಿ ದಿನಾ ಕಮ್ಮಿ ಕಮ್ಮಿ ನೀರ ಎಳದು ಕಡೀಕ ಪೂರಾ ಬಿಟ್ಟ ಬಿಟ್ಟಿತ್ತು. ಹಸಿ ಆರಿಕೋತ ಬಂದಂಗ ಫರಕ ಇಳದಿತ್ತು. ಎರಡೂ ಥರ್ಮಾಮೀಟರ್ ಒಣಾನ ಆಗಾಕ ಹತ್ತಿದ್ವು. ನಾ ಅದಕ್ಕ ಮಳಿ ಅಂದಿದ್ದೆ.

ನನ್ನ ಹಳೇ ಧೋತ್ರದ ತುದಿ, ನೂರ ಸಲ ಒಗದದ್ದು, ಹರದು ಮತ್ತೊಮ್ಮೆ ಬಿಸಿನೀರಾಗ ತೊಳದು ಕಟ್ಟಿದೆ. ನೋಡಿಕೋತ ನಿಂತೆ. ಪಾದರಸ ಇಳ್ಯಾಕ ಹತ್ತಿತು. ಹತ್ತ ಮಿನಿಟನ್ಯಾಗ ಫರಕ ಹದಿನೈದು.

ಮಲಮಲ್ ಚೂರು ಒಗ್ಯಾಕ ಮನಸಾಗಲಿಲ್ಲ, ತುದಿಗೆ ಅರಿಷಿಣ ಇತ್ತು. ಬೇಲಿ ತಂತಿಗೆ ಸಿಗಿಸಿದೆ. ರಜಿಸ್ಟರ್‌ನ್ಯಾಗ ಆ ದಿನಗೋಳ ಮ್ಯಾಲೆ ಕೆಂಪ ಗೆರಿ ಎಳದು "ಅರಿವಿ ಸರಿ ಇರಲಿಲ್ಲ" ಅಂತ ಬರದೆ. ತಿಂಗಳಿಗೊಮ್ಮೆ ಸಹಿಗೆ ಬರೋ ಸೆಕ್ಷನ್ ಸಾಹೇಬ್ರು ನೋಡಿ, "ಮಳಿ ಸೊನ್ನಿನ ಐತಲ್ಲ, ಮತ್ತೇನ?" ಅಂದು ಸಹಿ ಮಾಡಿದ್ರು. ನಂಗ ಒಬ್ರರ ಬೈಬೇಕಿತ್ತು.

ಹೋಳಿ ಆದ ಮ್ಯಾಲೆ ಮಾವಶಿ ಉಳಿದರ್ಧ ಕುದಿಸಿಕೊಂಡ ಬಂದ್ಲು. ಹಾಸಿನ ಆಚೀ ತುದಿಗೆ ಹರವಿದ್ಲು, ನನ್ನ ಖೋಲಿಗೆ ದೂರ. ಒಂದಿನ ನೀರಿಗೆ ಕಟ್ಟಿ ಹತ್ತಿ ಬಂದಾಗ ನಾ ಬೇಲ್ಯಾಗ ಇದ್ದೆ. ಆಕಿ ಬೇಲಿಗೆ ಕೈ ಹಚ್ಚಿ ನಿಂತ್ಲು. ನಾ ಎಲ್ಲಾ ಹೇಳಬೇಕಂತ ಬಾಯಿ ತಗದೆ. ಏನಂತ ಹೇಳ್ಲಿ? ನೀ ಅರಿಷಿಣ ಹಚ್ಚಿ ಕೊಟ್ಟ ಅರಿವಿ ನಿನ್ನ ಅರಿಷಿಣ ಕೆಡಿಸಿತು ಅಂತನೋ? ತೊಳೀಲಾರದ್ದು ನಾ, ಆದ್ರ ಆಕಿ ಕಿವಿಗೆ ಅದು ಹಂಗ ಬೀಳಂಗಿಲ್ಲ.

"ಕೊಳವಿ ಕೆಟ್ಟಿತ್ತ ಮಾವಶಿ. ಈಗ ಸರಿ ಮಾಡೀನಿ" ಅಂದೆ. ಅಷ್ಟ.

"ಹೌದಾ" ಅಂದ್ಲು. ಬೇಲಿಯಿಂದ ಕೈ ತಗದು, "ಅಣ್ಣ ಕಬ್ಬಿನ ಬೀಜ ನೋಡಿಟ್ಟಾನ. ಇದೊಂದ ಹಸನಾದ್ರ ನೋಡೂಣು" ಅಂತಂದು ಕೊಡಾ ತಗೊಂಡ ಇಳದ ಹ್ವಾದ್ಲು.

ಯುಗಾದಿಗೆ ಇನ್ನ ಒಂದ ವಾರ ಇತ್ತು. ಆಕಿ ಅರಿಷಿಣ ಚಟ್ ಅನ್ನೂದಕ್ಕ ಬಂದಿತ್ತು, ಟಣ್ ಅನ್ನಾಕ ಇನ್ನ ಐದಾರ ದಿನದ ಬಿಸಲು ಬೇಕಿತ್ತು. ಆಗ ಫರಕ ಇಳೀತು. ಹದಿನೈದರಿಂದ ಹನ್ನೆರಡು, ಮರುದಿನ ಒಂಬತ್ತು. ಮೊದಲ ಅರಿವಿ ಮುಟ್ಟಿದೆ, ಹಸಿ ಇತ್ತು. ಪರಾತ ನೋಡಿದೆ, ಒಂಬತ್ತು ಇದ್ದದ್ದು ಆರಕ್ಕ ಬಂದಿತ್ತು. ಬಾಣ ಪಡುವಣಕ್ಕ ನಿಂತು ಅಲ್ಲೇ ಅಲಗಾಡತಿತ್ತು. ಈ ಸಲ ಮೂರೂ ಒಂದ ಮಾತ ಹೇಳಾಕತ್ತಿದ್ವು. ಎದಿ ಬಡ್ಕೊಂಡಿತು, ಈ ಸಲ ಹೆದರಿಕಿಗೆ.

ಖೋಲ್ಯಾಗ ಕುಂತು ವಿಚಾರ ಮಾಡಿದೆ. ಹೇಳಲಿಲ್ಲಂದ್ರ, ಮಳಿ ಬಂದ್ರ ಆಕಿ ಉಳಿದರ್ಧನೂ ಹೋಗತೈತಿ. ಹೇಳಿ ಮಳಿ ಬರಲಿಲ್ಲಂದ್ರ ಮತ್ತ ಬೂಸರ. ಬೇಸಿಗಿ ಮಳಿ ಏನ ಬಸ್ಸಿನಂಗ ಟೈಮಿಗೆ ಬರೂದಲ್ಲ, ಎಲ್ಲಾ ಕೂಡಿ ಬಂದ್ರೂ ಬಾಜೂ ಊರಾಗ ಬಿದ್ದ ಹೋಗತೈತಿ. ಹಿಂದಿನ ಸಲ ನಾ ಬರೀ ಬಾಯಿಲೇ ಹೇಳಿದ್ದೆ, ದುಡದಾಕಿ ಆಕಿ, ಕಳಕೊಂಡಾಕಿ ಆಕಿ. ತಪ್ಪಾದ್ರ ನಂದೇನ ಹೋಗತಿತ್ತು? ಇದನ್ನ ವಿಚಾರ ಮಾಡಿದ ಮ್ಯಾಲೆ ದಾರಿ ಕಂಡಿತು. ಎರಡೂವರಿ ಅಳತಿ ಮುಗಿಸಿ ಹಾಸಗಲ್ಲಿಗೆ ಹ್ವಾದೆ.

"ಮಾವಶಿ, ಮಳಿ ಬರತೈತಿ ಅಂತ ನಾ ಹೇಳಂಗಿಲ್ಲ. ಬರಬಹುದು. ದಿನಾ ಎರಡೂವರಿ ಆದ ಮ್ಯಾಲೆ ನಾನ ಬಂದು ಗುಂಪಿ ಮಾಡ್ತೀನಿ, ಮುಂಜಾನೆ ನಾನ ಹರವ್ತೀನಿ. ಮಳಿ ಬರ್ಲಿ ಬಿಡ್ಲಿ. ನೀ ಬುಟ್ಟಿ ಮುಟ್ಟಬ್ಯಾಡ."

"ಬಿಸಲು ಎರಡ ತಾಸ ಕಮ್ಮಿ ಆಗತೈತಿ."

"ಆಗತೈತಿ. ಒಣಗಾಕ ಒಂದೆರಡ ದಿನ ಹೆಚ್ಚ ಹಿಡೀತೈತಿ. ಬೂಸರ ಹಿಡ್ಯಂಗಿಲ್ಲ. ಕೆಳಗ ಗೋಣಿ ತಟ್ಟು ಹಾಸಿ, ಮ್ಯಾಲೆ ತಾಡಪತ್ರಿ ಚಪ್ಪರದಂಗ ಎತ್ತಿ ಕಟ್ಟೂಣು, ಎರಡೂ ತುದಿ ಗಾಳಿಗೆ ಬಿಡೂಣು."

ಕಾಕಾ ಅಲ್ಲೇ ಇದ್ದ. "ಬರಿಯೋ ನೌಕರಿ ಹೋತೇನ್ರಿ ಸಾಹೇಬ್ರ? ಹಮಾಲಿಗೆ ನಿಂತೀರಿ?"

ಮಾವಶಿ ಆಂವನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿ, "ಬುಟ್ಟಿ ಅಲ್ಲೈತಿ" ಅಂದ್ಲು.

ಮೊದಲನೇ ದಿನ ಮಳಿ ಇಲ್ಲ. ಅಂಗೈಯೊಳಗ ಬೊಬ್ಬಿ ಎದ್ವು. ಮರುದಿನ ಮುಂಜಾನೆ ಮಂಜ ಆರಿದ ಮ್ಯಾಲೆ ಹರವಿ, ಓಡಿ ಬಂದು ಎಂಟೂವರಿ ಅಳತಿ ಹಿಡದೆ. ಎರಡನೇ ದಿನಾನೂ ಮಳಿ ಇಲ್ಲ. ಕೈ ಹಳದಿ, ಅಂಗಿ ಹಳದಿ, ರಜಿಸ್ಟರ್ ಪುಟಾ ಎಲ್ಲಾ ಹಳದಿ ಬೆರಳು. ಕಾಕಾ ನಕ್ಕೋತ, "ಮದುಮಗ ಆಗೀರಲ್ರಿ, ಹೆಣ್ಣ ಯಾವ ಊರಿಂದ್ರಿ?" ಅಂದ. ಮಾವಶಿ ಕಿಸಕ್ ಅಂತ ನಕ್ಲು. ಎಷ್ಟೋ ದಿನದ ಮ್ಯಾಲೆ ಆ ನಗಿ ಕೇಳಿದೆ, ನನ್ನ ಮ್ಯಾಲೆ ನಕ್ಕಿದ್ರೂ ಛಲೋ ಅನಿಸಿತು.

ಮೂರನೇ ದಿನ ಎರಡೂವರಿಗೆ ಫರಕ ಐದೂವರಿ. ಅರಿವಿ ಹಸಿ. ಮುಂಜಾನೆ ಪರಾತ ಬರೀ ನಾಲ್ಕು ಕುಡದಿತ್ತು. ಬಿಸಲು ಹಂಗ ಇತ್ತು, ಆದ್ರ ಕೆರಿ ನೀರು ಎಣ್ಣಿ ಸುರದಂಗ ಅಲಗಾಡದ ನಿಂತಿತ್ತು. ಬುಟ್ಟಿ ಹಿಡದೆ. "ಕಾಕಾ, ನಿಮ್ದೂ ಕೂಡಸಲೇನ್ರಿ?" ಅಂತ ಕೇಳಿದೆ. "ಬ್ಯಾಡಪಾ, ನನ್ನ ಅರಿಷಿಣ ಬಿಸಲ ಕುಡೀಲಿ" ಅಂದ. ಗುಂಪಿ ಅರ್ಧಾ ಆಗಿತ್ತು, ಮಾವಶಿ ಎದ್ದು ಇನ್ನೊಂದ ಬುಟ್ಟಿ ಹಿಡದ್ಲು.

ಹೊತ್ತ ಇಳೂದ್ರಾಗ ಪಡುವಣದಿಂದ ಕೆಂಪ ಧೂಳಿನ ಗ್ವಾಡಿ ಎದ್ದ ಬಂತು. ಅದರ ಹಿಂದ ಗಾಳಿ, ಕೆರಿ ನೀರು ಹಾಸಿನ ಮ್ಯಾಲೆ ಹಾರಿ ಬೀಳೋ ಅಂತಾ ಗಾಳಿ. ತಾಡಪತ್ರಿಯ ಒಂದ ಹಗ್ಗ ಕಿತ್ತಿತು, ಮಾವಶಿ ಅದನ್ನ ಕೈಗೆ ಸುತ್ತಿಕೊಂಡ ಕುಂತ್ಲು, ಇನ್ನೊಂದ ತುದಿಗೆ ನಾ. ಆಮ್ಯಾಲೆ ಆಣಿಕಲ್ಲು. ಬೆನ್ನಿಗೆ, ತಲಿಗೆ, ಹಾಸಗಲ್ಲಿಗೆ ಬಡದು ಪುಟಾಣಿ ಹುರದಂಗ ಸಪ್ಪಳ. ಮಾತಾಡಿದ್ರ ಕೇಳತಿದ್ದಿದ್ದಿಲ್ಲ. ಕಾಕಾ ತನ್ನ ಅರಿಷಿಣ ಬಾಚಾಕ ಒದ್ದಾಡತಿದ್ದ, ನಂಗ ಹಗ್ಗ ಬಿಟ್ಟ ಹೋಗಾಕ ಬರತಿದ್ದಿದ್ದಿಲ್ಲ. ಮಾವಶಿ ತನ್ನ ಹಗ್ಗ ಒಂದ ಕಲ್ಲಿಗೆ ಸುತ್ತಿ "ಹೋಗು, ನಾ ಹಿಡೀತೀನಿ" ಅಂತ ಕೈ ಮಾಡಿದ್ಲು. ಹ್ವಾದೆ. ಕಾಕಾಂದು ಅರ್ಧಾ ಉಳೀತು, ಅರ್ಧಾ ನೀರಾಗ ತೇಲಿ ಕೆರೀಗೆ ಹ್ವಾತು. ಕೆರಿ ದಂಡಿ ನೀರು ಹಳದಿ ಆಗಿತ್ತು.

ಮಾವಶಿದು ಬುಡಕ್ಕ ಒಂದ ಬುಟ್ಟಿ ಹಸಿ ಆಗಿತ್ತು. ಉಳಿದದ್ದು ಒಣಾ.

ಮರುದಿನ ಎಂಟೂವರಿಗೆ ಮಳಿ ಡಬ್ಬಿ ತಗದೆ. ಇಪ್ಪತ್ತೆರಡು ಮಿಲಿಮೀಟರ್. ಬರ್ಯಾಕ ಪೆನ್ನ ಹಿಡದೆ, ಇಷ್ಟ ದಿನ ಇದಕ್ಕ ಕಾದಿದ್ದೆ, ಆದ್ರ ಕೆಳಗ ಕಾಕಾ ಹಸಿ ಅರಿಷಿಣ ಹೆಕ್ಕೂದು ಕಾಣಸತಿತ್ತು, ಖುಷಿ ಬರಲಿಲ್ಲ. ಬರದು ಕೆಳಗ ಇಳದ ಹೋಗಿ ಆಂವನ ಕೂಡ ಹೆಕ್ಕಿದೆ. ಆಂವ ಹೆಕ್ಕಿಕೋತ ಕೇಳಿದ, "ನಾಳೆ ಏನೈತಿ?" ಸಾಹೇಬ್ರ ಅನ್ನಲಿಲ್ಲ.

"ಗೊತ್ತಿಲ್ರಿ ಕಾಕಾ. ಅಳದ ಹೇಳ್ತೀನಿ."

ಯುಗಾದಿ ಮರುದಿನ ಮಾವಶಿ ಕಟ್ಟಿ ಹತ್ತಿ ಬಂದ್ಲು. ಒಂದ ಕೊಂಬ ನನ್ನ ಕಿವಿ ಹತ್ರ ಹಿಡದು ಮುರದ್ಲು. ಟಣ್ ಅಂತು. ಅಣ್ಣ ಬಂದು ನೋಡಿ "ಮುಂದಿನ ವರ್ಷಕ್ಕ ಅರಿಷಿಣದ ಬೀಜದ ಗಡ್ಡಿ ನೋಡಿಡು" ಅಂದ್ನಂತ. ಹೇಳೂ ಮುಂದ ಆಕಿ ಮಾರಿ ಬ್ಯಾರೆ ಕಡೆ ಇತ್ತು. ಆಮ್ಯಾಲೆ ಸೀರಿ ಸೆರಗಿಂದ ಒಂದ ಬಿಳೀ ಮಲಮಲ್ ಚೂರು ತಗದ್ಲು. ಮೆತ್ತಗಿತ್ತು, ಹಳೇದಾದಂಗ.

"ಮೂರ ಸಲ ಬಿಸಿನೀರಾಗ ಒಗದೇನಿ. ಗಂಜಿ ಇಲ್ಲ ಈಗ."

ನಾ ಚೂರಿನ ಅಂಚ ಹಿಡದ ನೋಡಿದೆ.

"ಅವತ್ತ ನೀರಿಗೆ ಬಂದಾಗ ಬೇಲಿಗೆ ಸಿಗಿಸಿದ ಅರಿವಿ ಮುಟ್ಟಿ ನೋಡಿದ್ದೆ" ಅಂದ್ಲು. "ಮಂದಿ ಧೋತ್ರ ಒಗದ ಕೈ ಇದು, ಗಂಜಿ ತಿಳೀದಿಲ್ಲೇನ? ತಪ್ಪ ನನ್ನ ಅರಿವೀದು ಅಂತ ನೀ ಹೇಳತೀ ಅಂತ ನಿಂತಿದ್ದೆ. ಕೊಳವಿ ಕೆಟ್ಟಿತ್ತ ಅಂದಿ."

"ತೊಳೀಲಾರದ್ದು ನಾನ ಮಾವಶಿ."

"ಅದೂ ಗೊತ್ತೈತಿ. ಆದ್ರೂ ನನ್ನ ಅರಿವಿ ಮ್ಯಾಲೆ ಹಾಕಲಿಲ್ಲಲ್ಲ ನೀ, ಅದಕ್ಕ ಬುಟ್ಟಿ ಕೊಟ್ಟೆ." ಅರಿವಿ ನನ್ನ ಕೈಯಾಗ ಇಟ್ಲು. ಒಂದ ಮೂಲ್ಯಾಗ ಅರಿಷಿಣದ ಬೊಟ್ಟಿತ್ತು, ಹೊಸಾದು. "ಒಗದ ಮ್ಯಾಲೆ ಹಚ್ಚೇನಿ. ಆ ತುದಿ ಕತ್ತರಿಸಿ ನಿನ್ನ ಕಿಸೇದಾಗ ಇಟ್ಕೋ, ಉಳಿದದ್ದು ಕೊಳವಿಗೆ ಕಟ್ಟು."

ಹಂಗ ಮಾಡಿದೆ. ಕಟ್ಟಿ ಹತ್ತ ಮಿನಿಟ ಬಿಟ್ಟ ನೋಡಿದೆ, ಫರಕ ಹನ್ನೆರಡು. ಆಕಿ ಇನ್ನಾ ಬೇಲಿ ಹತ್ರ ನಿಂತಿದ್ಲು, ಜೋರಾಗಿ ಓದಿದೆ.

ಹಳದಿ ತುದಿ ಈಗೂ ನನ್ನ ಹತ್ರ ಐತಿ, ಟೈಪ್ ಮಾಡೋ ಈ ಹಾಳಿ ಬಾಜೂಕ ಇಟ್ಟೀನಿ. ನಿಮ್ಮಾಗ ಯಾರರ ನಿಪ್ಪಾಣಿ ಕಡೆ ತಂಬಾಕ, ಅಥಣಿ ಕಡೆ ದ್ರಾಕ್ಷಿ, ಏನರ ಬಿಸಲಿಗೆ ಹರವಿ ಮಾಡಾ ನೋಡಿಕೋತ ಕುಂತಿದ್ರ, ಬೇಸಿಗಿ ಮಳಿ ಬರೂದು ನಿಮಗ ಹೆಂಗ ಗೊತ್ತಾಗತೈತಿ ಬರದ ಕಳಸ್ರಿ. ನಂಗಂತೂ ಓದಾಕ ಹೊತ್ತ ಭಾಳ ಐತಿ. ಸರಿಯಾದದ್ದು ಅಷ್ಟ ಬರೀಬ್ಯಾಡ್ರಿ. ತಪ್ಪಿದ್ದೂ ಬರೀರಿ, ಆ ತಪ್ಪ ಯಾರ ಮುಟ್ಟಿ ನೋಡಿ ತಿಳ್ಕೊಂಡು ಸುಮ್ನಿದ್ರು ಅನ್ನೂದೂ ಬರೀರಿ.